ಬಟನ್ ಒತ್ತುವುದರಿಂದ ಮೊದಲ ಪೀಸ್ ತೆಗೆಯುವವರೆಗೆ: ಮಷಿನಿಂಗ್ ಕೆಲಸದಲ್ಲಿ ಮೇಲೇರುವ ದಾರಿ

ಮಷಿನ್ ಶಾಪ್‌ನಲ್ಲಿ ಹತ್ತು ವರ್ಷ ದುಡಿದೂ ಆಪರೇಟರ್ ಆಗಿಯೇ ಉಳಿದವರಿದ್ದಾರೆ. ಮೂರು ವರ್ಷಕ್ಕೆ ಸೆಟ್ಟರ್ (ಹೊಸ ಕೆಲಸಕ್ಕೆ ಮಷಿನ್ ಅಣಿಗೊಳಿಸುವವರು) ಆಗಿ, ಐದಕ್ಕೆ ಪ್ರೋಗ್ರಾಂ ಬರೆಯುತ್ತಿರುವವರೂ ಇದ್ದಾರೆ. ಶಾಪ್‌ನಲ್ಲಿ ಯಾರ ಸ್ಥಾನ ಯಾವುದು ಅಂತ ತಿಳಿಯಲು ಬ್ಯಾಡ್ಜ್ ನೋಡಬೇಕಾಗಿಲ್ಲ. ಆಫ್‌ಸೆಟ್‌ಗೆ (ಟೂಲಿನ ಸ್ಥಾನ ತಿದ್ದಲು ಮಷಿನ್‌ಗೆ ಕೊಡುವ ಸಂಖ್ಯೆ) ಎಷ್ಟು ಹಾಕಬೇಕು, ಜಾಬನ್ನು (ಕಡೆಯಬೇಕಾದ ಲೋಹದ ತುಂಡು) ಎಲ್ಲಿ ಹಿಡಿಯಬೇಕು, ಮೊದಲ ಪೀಸ್ ಪಾಸೋ ಫೇಲೋ ಎಂದು ಯಾರು ಹೇಳುತ್ತಾರೆ ಎಂಬುದನ್ನು ನೋಡಿದರೆ ಸಾಕು. ಜಾಬ್ ಹಾಕಿ, ಬಾಗಿಲು ಮುಚ್ಚಿ, ಸೈಕಲ್ ಸ್ಟಾರ್ಟ್ ಒತ್ತುವುದನ್ನು ಒಂದು ವಾರದಲ್ಲಿ ಯಾರಾದರೂ ಕಲಿಯುತ್ತಾರೆ. ರೋಬೋಟ್ ಕೂಡ ಮಾಡುತ್ತದೆ. ಆದ್ದರಿಂದ ಕಲಿಯಬೇಕಾದದ್ದು ಆ ತೀರ್ಮಾನಗಳನ್ನು, ಒಂದೊಂದಾಗಿ.

ಮೊದಲು ಅಳತೆ

ಪ್ರೋಗ್ರಾಮಿಂಗ್ ಕ್ಲಾಸಿಗೆ ಸೇರುವ ಮುಂಚೆ ಮೈಕ್ರೋಮೀಟರ್ ಕೈಗೆ ಒಗ್ಗಬೇಕು. ಸಾಮಾನ್ಯ ಮೈಕ್ರೋಮೀಟರ್‌ನ ಸ್ಕ್ರೂ ಒಂದು ಸುತ್ತಿಗೆ 0.5 ಮಿ.ಮೀ. ಮುಂದೆ ಹೋಗುತ್ತದೆ, ಥಿಂಬಲ್ (ತಿರುಗುವ ಕೊಳವೆ) ಮೇಲೆ 50 ಗೆರೆ. ಹಾಗಾಗಿ ಒಂದು ಗೆರೆಗೆ 0.01 ಮಿ.ಮೀ. ಹೊಸಬರ ಮಾಮೂಲಿ ತಪ್ಪು ಸ್ಲೀವ್ (ತಿರುಗದ ಕೊಳವೆ) ಮೇಲಿನ ಅರ್ಧ ಮಿಲಿಮೀಟರ್ ಗೆರೆಯನ್ನು ಬಿಟ್ಟು ಓದುವುದು. ಜಾಬ್ ಸರಿಯಾಗಿ 0.5 ಹೆಚ್ಚು ಅಥವಾ ಕಡಿಮೆ ಬಂದಿದೆ ಎಂದರೆ ಮಷಿನನ್ನು ಬಯ್ಯುವ ಮೊದಲು ಇನ್ನೊಮ್ಮೆ ಓದಿ.

ಅಳೆಯುವ ಮುಂಚೆ ಎರಡೂ ಮುಖಗಳನ್ನು ಒರೆಸಿ, ಸೊನ್ನೆ ನೋಡಿ, ಜಾಬಿನ ಬರ್ (ಅಂಚಿನಲ್ಲಿ ಎದ್ದ ಚೂಪು ಚೂರು) ತೆಗೆಯಿರಿ. ಥಿಂಬಲ್ ಹಿಡಿದು ಬಿಗಿಯಬೇಡಿ, ರ‍್ಯಾಚೆಟ್ ಮಾತ್ರ ತಿರುಗಿಸಿ. ಉಪಕರಣದ ಆಯ್ಕೆಗೆ ಶಾಪ್‌ಗಳಲ್ಲಿ ಒಂದು ಹಳೆಯ ಲೆಕ್ಕವಿದೆ: ಟಾಲರೆನ್ಸ್‌ನ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಹತ್ತನೇ ಒಂದು ಭಾಗವನ್ನಾದರೂ ಅದು ತೋರಿಸಬೇಕು. 0.02 ಓದುವ ವರ್ನಿಯರ್‌ನಿಂದ ಪ್ಲಸ್-ಮೈನಸ್ 0.01ರ ಜಾಬ್ ಪಾಸ್ ಮಾಡುವುದೆಂದರೆ ಅಂದಾಜಿಗೆ ಸಹಿ ಹಾಕಿದಂತೆ.

ಬಿಸಿಯನ್ನು ಮರೆಯುವವರೇ ಹೆಚ್ಚು. ಡ್ರಾಯಿಂಗ್‌ನಲ್ಲಿರುವ ಅಳತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಜಾಬಿಗೆ ಸೇರಿದ್ದು. ಐಎಸ್‌ಒ 1 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಅಷ್ಟನ್ನೇ. 100 ಮಿ.ಮೀ. ಸ್ಟೀಲ್ ಜಾಬ್ 40 ಡಿಗ್ರಿಗೆ ಕಾದರೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಅದರ ಎರಡರಷ್ಟು. 100 ಮಿ.ಮೀ. ಬೋರಿಗೆ (ಕೊರೆದ ತೂತು) ಎಚ್7 ಎಂಬ ಟಾಲರೆನ್ಸ್ ದರ್ಜೆ ಕೊಡುವ ಜಾಗ ಒಟ್ಟು 35 ಮೈಕ್ರಾನ್. ಬಿಸಿ ಜಾಬನ್ನು ಅಳೆದು ಆಫ್‌ಸೆಟ್ ಕೊಟ್ಟರೆ, ತಣ್ಣಗಾದ ಮೇಲೆ ಹೊರವ್ಯಾಸ ಕುಗ್ಗಿ ರಿಜೆಕ್ಟ್ ಆಗುತ್ತದೆ. "ಮಷಿನ್ ಹತ್ತಿರ ಓಕೆ ಇತ್ತು, ಕ್ವಾಲಿಟಿಯವರು ಫೇಲ್ ಮಾಡಿದರು" ಎನ್ನುವ ಜಗಳಗಳಲ್ಲಿ ಹಲವು ಇಲ್ಲಿಂದಲೇ ಹುಟ್ಟುತ್ತವೆ.

ಇದರ ಜೊತೆಗೆ ಡ್ರಾಯಿಂಗ್ ಓದುವುದು. ಮೊದಲು ರಿವಿಷನ್ ನಂಬರ್, ಆಮೇಲೆ ಮೆಟೀರಿಯಲ್, ಆಮೇಲೆ ಡೇಟಮ್ (ಅಳತೆಗಳ ಆಧಾರ ಮುಖ). ಯಾವ ಮುಖದಿಂದ ಅಳತೆ ಕೊಟ್ಟಿದ್ದಾರೋ ಆ ಮುಖವನ್ನೇ ಆಧಾರವಾಗಿ ಇಟ್ಟು ಹಿಡಿಯಬೇಕು. ಬೇರೆ ಮುಖದಲ್ಲಿ ಹಿಡಿದರೆ ಎರಡು ಅಳತೆಗಳ ಟಾಲರೆನ್ಸ್ ಕೂಡಿಕೊಳ್ಳುತ್ತದೆ.

ಆಪರೇಟರ್ ಸೀಟಿನಲ್ಲಿದ್ದಾಗ

ಮೊದಲ ಆರು ತಿಂಗಳಿಂದ ಒಂದು ವರ್ಷ ನಿಮ್ಮ ಕೈಗೆ ಸಿಗುವ ತೀರ್ಮಾನ ಒಂದೇ: ವೇರ್ ಆಫ್‌ಸೆಟ್. ಅಂದರೆ ಟೂಲ್ ಸವೆದಂತೆ ಕೊಡುವ ಸಣ್ಣ ತಿದ್ದುಪಡಿ. ಅದನ್ನು ಚೆನ್ನಾಗಿ ನಿಭಾಯಿಸಿದವರಿಗೆ ಮುಂದಿನದು ಸಿಗುತ್ತದೆ.

ಫ್ಯಾನುಕ್ ಕಂಪನಿಯ ಬಗೆಯ ಕಂಟ್ರೋಲ್‌ನಲ್ಲಿ ಎರಡು ಕೀಗಳಿವೆ. 'ಇನ್‌ಪುಟ್' ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಹಾಕುತ್ತದೆ. 'ಪ್ಲಸ್ ಇನ್‌ಪುಟ್' ಹಳೆಯದಕ್ಕೆ ಕೂಡಿಸುತ್ತದೆ. ವೇರ್ ಆಫ್‌ಸೆಟ್‌ನಲ್ಲಿ ಈಗ +0.10 ಇದೆ, ಹೊರವ್ಯಾಸ 0.04 ದಪ್ಪ ಬಂದಿದೆ ಎಂದುಕೊಳ್ಳಿ. -0.04 ಎಂದು ಟೈಪ್ ಮಾಡಿ ಪ್ಲಸ್ ಇನ್‌ಪುಟ್ ಒತ್ತಿದರೆ +0.06 ಆಗಿ ಜಾಬ್ ಸರಿಹೋಗುತ್ತದೆ. ಅದೇ ಇನ್‌ಪುಟ್ ಒತ್ತಿದರೆ ಆಫ್‌ಸೆಟ್ ನೇರ -0.04ಕ್ಕೆ ಬೀಳುತ್ತದೆ, ಮುಂದಿನ ಪೀಸ್ 0.10 ಸಣ್ಣ, ಸೀದಾ ಸ್ಕ್ರ್ಯಾಪ್. ಒತ್ತುವ ಮೊದಲು ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಪುಸ್ತಕದಲ್ಲಿ ಬರೆಯುವ ಅಭ್ಯಾಸವಿದ್ದರೆ ಈ ತಪ್ಪು ಕಣ್ಣಿಗೆ ಬಿದ್ದುಬಿಡುತ್ತದೆ.

ಇನ್ನೊಂದು ದಶಾಂಶ ಬಿಂದು. ಅನೇಕ ಕಂಟ್ರೋಲ್‌ಗಳಲ್ಲಿ ಪ್ರೋಗ್ರಾಂನೊಳಗೆ ಎಕ್ಸ್50 ಎಂದು ಬಿಂದುವಿಲ್ಲದೆ ಬರೆದರೆ ಮಷಿನ್ ಅದನ್ನು 0.050 ಮಿ.ಮೀ. ಎಂದು ತಿಳಿಯುತ್ತದೆ. ಟೂಲ್ ಜಾಬಿನ ನಡುವಿಗೇ ನುಗ್ಗುತ್ತದೆ.

ಅಳತೆ ನಿಂತಲ್ಲಿ ನಿಲ್ಲುತ್ತಿಲ್ಲ ಎಂದರೆ ಪ್ರತಿ ಪೀಸಿಗೂ ಆಫ್‌ಸೆಟ್ ತಿರುಚಬೇಡಿ. ಐದು ಪೀಸ್ ಆಫ್‌ಸೆಟ್ ಮುಟ್ಟದೆ ಓಡಿಸಿ, ಅಳತೆ ಬರೆಯಿರಿ. ಒಂದೇ ದಿಕ್ಕಿಗೆ ಮೆಲ್ಲಗೆ ಸರಿಯುತ್ತಿದ್ದರೆ ಇನ್ಸರ್ಟ್ (ಟೂಲ್ ತುದಿಯ ಬದಲಿಸಬಲ್ಲ ಕತ್ತರಿಸುವ ತುಂಡು) ಸವೆಯುತ್ತಿದೆ ಅಥವಾ ಮಷಿನ್ ಬಿಸಿಯಾಗುತ್ತಿದೆ. ಮೇಲೆ ಕೆಳಗೆ ಹಾರುತ್ತಿದ್ದರೆ ಇನ್ಸರ್ಟ್ ಸ್ಕ್ರೂ ಸಡಿಲ, ಚಕ್ಕಿನ ಜಾ (ಜಾಬ್ ಹಿಡಿಯುವ ದವಡೆ) ಮೇಲೆ ಚಿಪ್ಸ್ ಅಥವಾ ಟರೆಟ್ (ಟೂಲ್ ಹೊತ್ತು ತಿರುಗುವ ತಲೆ) ಸರಿಯಾಗಿ ಕೂರುತ್ತಿಲ್ಲ. ಹಾರುವ ಅಳತೆಗೆ ಆಫ್‌ಸೆಟ್ ಕೊಡುತ್ತಾ ಹೋದರೆ ಹಾರಾಟ ಹೆಚ್ಚುತ್ತದೆ. ಇದನ್ನು ಕಾಗದದ ಮೇಲೆ ತೋರಿಸಬಲ್ಲ ಆಪರೇಟರ್‌ನನ್ನು ಯಾವ ಸೂಪರ್‌ವೈಸರ್ ಕೂಡ ಮರೆಯುವುದಿಲ್ಲ.

ಸವೆದ ಇನ್ಸರ್ಟನ್ನು ಡಬ್ಬಕ್ಕೆ ಎಸೆಯುವ ಮೊದಲು ಭೂತಗನ್ನಡಿಯಲ್ಲಿ ನೋಡಿ. ಅಂಚಿನ ಕೆಳಗೆ ಸಮನಾದ ಸವೆತವಿದ್ದರೆ ಅದು ಸಹಜ ಸಾವು. ಅಂಚಿಗೆ ಲೋಹ ಅಂಟಿದ್ದರೆ ಬಹುತೇಕ ವೇಗ ಕಡಿಮೆಯಾಗಿದೆ. ಮೇಲ್ಮೈಯಲ್ಲಿ ಗುಳಿ ಬಿದ್ದಿದ್ದರೆ ವೇಗ ಮತ್ತು ಶಾಖ ಹೆಚ್ಚು. ಚೂರು ಚೂರಾಗಿ ಒಡೆದಿದ್ದರೆ ಹಿಡಿತ ಸಡಿಲ, ಟೂಲ್ ಉದ್ದ ಚಾಚಿದೆ ಅಥವಾ ಗ್ರೇಡ್ ತೀರಾ ಗಟ್ಟಿ. ಪೆಟ್ಟಿಗೆಯ ಮೇಲಿನ ಹೆಸರೂ ಓದಿಗೆ ಬರುತ್ತದೆ: ಸಿಎನ್‌ಎಂಜಿ 120408 ಎಂದರೆ 80 ಡಿಗ್ರಿ ವಜ್ರಾಕಾರ, ಕ್ಲಿಯರೆನ್ಸ್ ಸೊನ್ನೆ, ಅಂಚಿನ ಉದ್ದ ಸುಮಾರು 12, ಕೊನೆಯ 08 ಎಂದರೆ ಮೂಗಿನ ತ್ರಿಜ್ಯ 0.8 ಮಿ.ಮೀ. ಆ ಮೂಗೇ ಫಿನಿಶ್ ನಿರ್ಧರಿಸುವುದು. ಫೀಡಿನ (ಒಂದು ಸುತ್ತಿಗೆ ಟೂಲ್ ಸಾಗುವ ದೂರ) ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಗೀರಿನ ಆಳ ಅಂದಾಜಾಗುತ್ತದೆ. ಫೀಡ್ 0.2, ತ್ರಿಜ್ಯ 0.8 ಆದರೆ ಸುಮಾರು 6 ಮೈಕ್ರಾನ್. ಅದೇ ಫೀಡಿಗೆ 0.4 ತ್ರಿಜ್ಯದ ಇನ್ಸರ್ಟ್ ಹಾಕಿದರೆ ಎರಡರಷ್ಟು.

ಸೆಟ್ಟಿಂಗ್

ವೃತ್ತಿ ನಿಜಕ್ಕೂ ಶುರುವಾಗುವುದು ಇಲ್ಲಿ. ಸೆಟ್ಟರ್ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುವ ಕೆಲಸ ಸಿಕ್ಕರೂ ಬಿಡಬೇಡಿ. ಲೇತ್‌ನಲ್ಲಾದರೆ ಸಾಫ್ಟ್ ಜಾ (ಜಾಬಿಗೆ ತಕ್ಕಂತೆ ಕೊರೆದುಕೊಳ್ಳುವ ಮೆದು ಜಾ) ಬೋರ್ ಮಾಡುವುದೇ ಅರ್ಧ ವಿದ್ಯೆ. ಜಾಗಳ ಒಳಗೆ ಒಂದು ರಿಂಗ್ ಅಥವಾ ತುಂಡನ್ನು ಹಿಡಿಸಿ, ಜಾಬ್ ಹಿಡಿಯುವ ಒತ್ತಡದಲ್ಲೇ, ಜಾಬಿನ ವ್ಯಾಸಕ್ಕೇ ಬೋರ್ ಮಾಡಬೇಕು. ಬೇರೆ ಒತ್ತಡದಲ್ಲಿ ಮಾಡಿದರೆ ಜಾ ಬೇರೆ ರೀತಿ ವಾಲುತ್ತದೆ, ಜಾಬ್ ಓಲಾಡುತ್ತದೆ.

ತೆಳು ಗೋಡೆಯ ಜಾಬ್ ಎಲ್ಲರನ್ನೂ ಒಮ್ಮೆ ಏಮಾರಿಸುತ್ತದೆ. ಮೂರು ಜಾ ಬಿಗಿದಾಗ ಗೋಡೆ ಒಳಕ್ಕೆ ಬಾಗಿರುತ್ತದೆ. ಹಾಗೆಯೇ ಬೋರ್ ಮಾಡಿ ಬಿಟ್ಟರೆ ಗೋಡೆ ಮತ್ತೆ ಹೊರಕ್ಕೆ ಬಂದು ಬೋರು ಮುಮ್ಮೂಲೆಯಾಗುತ್ತದೆ. ಇದು ಎರಡು ಬಿಂದುವಿನಲ್ಲಿ ಅಳೆಯುವ ಉಪಕರಣಕ್ಕೆ ಹೆಚ್ಚಾಗಿ ಕಾಣುವುದೇ ಇಲ್ಲ. ಯಾವ ಕಡೆ ಅಳೆದರೂ ವ್ಯಾಸ ಹೆಚ್ಚೂಕಡಿಮೆ ಒಂದೇ ಬರುತ್ತದೆ. ಮೂರು ಬಿಂದುವಿನ ಬೋರ್ ಗೇಜನ್ನು 60 ಡಿಗ್ರಿ ತಿರುಗಿಸಿ ಅಳೆದರೆ ಗುಟ್ಟು ಹೊರಬರುತ್ತದೆ. ಪರಿಹಾರ: ಸುತ್ತಲೂ ತಬ್ಬುವ ಅಗಲ ಜಾ, ರಫ್ ಆದ ಮೇಲೆ ಸಡಿಲಿಸಿ ಕಡಿಮೆ ಒತ್ತಡದಲ್ಲಿ ಮತ್ತೆ ಹಿಡಿದು ಫಿನಿಶ್ ಕಟ್.

ಮಿಲ್ಲಿಂಗ್‌ನಲ್ಲಿ ವೈಸ್‌ನ ಸ್ಥಿರ ಜಾ ಉದ್ದಕ್ಕೂ ಡಯಲ್ (ಮುಳ್ಳಿನ ಗೇಜ್) ಓಡಿಸಿ 0.01ರ ಒಳಗೆ ತನ್ನಿ. ಜಾಬಿನ ಕೆಳಗಿಟ್ಟ ಪ್ಯಾರಲಲ್‌ಗಳು ಬಿಗಿದ ಮೇಲೂ ಕೈಯಲ್ಲಿ ಅಲುಗಾಡಿದರೆ ಜಾಬ್ ಎದ್ದಿದೆ ಎಂದರ್ಥ. ಟೂಲನ್ನು ಬೇಕಾದಷ್ಟು ಮಾತ್ರ ಹೊರಗೆ ಬಿಡಿ. ಸ್ಟೀಲ್ ಬೋರಿಂಗ್ ಬಾರ್ ತನ್ನ ವ್ಯಾಸದ ನಾಲ್ಕರಷ್ಟು ಚಾಚಿದ ಮೇಲೆ ನಡುಗಲು ಶುರು. ಕಾರ್ಬೈಡ್ ಬಾರ್ ಆರರಷ್ಟರವರೆಗೆ ತಾಳುತ್ತದೆ.

ಮೊದಲ ಪೀಸ್ ತೆಗೆಯುವ ಕ್ರಮ ಹೀಗಿರಲಿ:

1. ಮಷಿನ್‌ನಲ್ಲಿರುವ ಪ್ರೋಗ್ರಾಂ ನಂಬರ್ ಮತ್ತು ಡ್ರಾಯಿಂಗ್ ರಿವಿಷನ್ ತಾಳೆ ನೋಡಿ.
2. ಪ್ರತಿ ಟೂಲ್ ನಂಬರಿನ ಎದುರು ಇರುವ ಟೂಲ್ ಅದೇ ಹೌದೋ ಎಂದು ಕೈಯಿಂದ ಮುಟ್ಟಿ ನೋಡಿ. ಆಫ್‌ಸೆಟ್ ನಂಬರ್ ಕೂಡ ಟೂಲ್ ನಂಬರಿಗೆ ಹೊಂದಬೇಕು.
3. ಗ್ರಾಫಿಕ್‌ನಲ್ಲಿ ಓಡಿಸಿ. ಮಿಲ್ಲಿಂಗ್ ಆದರೆ ಝಡ್ ಸೊನ್ನೆಯನ್ನು (ಎತ್ತರ ಅಳೆಯುವ ಆರಂಭ ಬಿಂದು) 100 ಮಿ.ಮೀ. ಮೇಲಕ್ಕೆತ್ತಿ ಗಾಳಿಯಲ್ಲಿ ಒಮ್ಮೆ ಓಡಿಸಿ. ಆಮೇಲೆ ಆ 100 ತೆಗೆಯಲು ಮರೆಯಬೇಡಿ.
4. ಸಿಂಗಲ್ ಬ್ಲಾಕ್ (ಒಮ್ಮೆಗೆ ಒಂದೇ ಸಾಲು ಓಡುವುದು) ಹಾಕಿ, ರ‍್ಯಾಪಿಡ್ (ಕತ್ತರಿಸದೆ ಸಾಗುವ ವೇಗ) 25 ಪ್ರತಿಶತ ಅಥವಾ ಅದಕ್ಕೂ ಕಡಿಮೆ ಇಡಿ. ಒಂದು ಬೆರಳು ಫೀಡ್ ಹೋಲ್ಡ್ (ಚಲನೆ ನಿಲ್ಲಿಸುವ ಬಟನ್) ಮೇಲೆ. ಟೂಲ್ ಜಾಬಿನ ಹತ್ತಿರ ಬಂದಾಗ ನಿಲ್ಲಿಸಿ, ಸ್ಕ್ರೀನ್‌ನಲ್ಲಿ 'ಇನ್ನು ಹೋಗಬೇಕಾದ ದೂರ' ನೋಡಿ. ಸ್ಕ್ರೀನ್ 80 ಎನ್ನುತ್ತಿದೆ, ಕಣ್ಣಿಗೆ 20 ಕಾಣುತ್ತಿದೆ ಎಂದರೆ ಅಲ್ಲೇ ನಿಲ್ಲಿ.
5. ಫಿನಿಶ್ ಟೂಲ್‌ಗಳಿಗೆ ವೇರ್ ಆಫ್‌ಸೆಟ್‌ನಲ್ಲಿ 0.2 ರಿಂದ 0.3 ಮಿ.ಮೀ. ಲೋಹ ಉಳಿಯುವಂತೆ ಕೊಡಿ. ಹೊರವ್ಯಾಸಕ್ಕೆ ಪ್ಲಸ್, ಬೋರಿಗೆ ಮೈನಸ್. ಅಳೆದು, ಉಳಿದದ್ದನ್ನು ತೆಗೆಯಿರಿ.
6. ಜಾಬ್ ಬಿಚ್ಚಿ, ತಣ್ಣಗಾದ ಮೇಲೆ ಡ್ರಾಯಿಂಗ್‌ನ ಪ್ರತಿ ಅಳತೆಯನ್ನೂ ಅಳೆಯಿರಿ. ಹಿಡಿದಿದ್ದಾಗಿನ ಅಳತೆಯೂ ಬಿಚ್ಚಿದ ಮೇಲಿನ ಅಳತೆಯೂ ಬೇರೆಯಾದರೆ ತಪ್ಪು ಹಿಡಿತದಲ್ಲಿದೆ.
7. ಸೆಟಪ್ ಶೀಟ್ ಬರೆಯಿರಿ: ಜಾ ಯಾವುದು, ಚಕ್ ಒತ್ತಡ ಎಷ್ಟು, ಸೊನ್ನೆ ಎಲ್ಲಿ, ಯಾವ ಇನ್ಸರ್ಟ್, ಟೂಲ್ ಎಷ್ಟು ಚಾಚಿದೆ.

ಏಳನೆಯದನ್ನು ಬಹಳ ಜನ ಮಾಡುವುದಿಲ್ಲ. ಗುಟ್ಟು ತಮ್ಮ ತಲೆಯಲ್ಲೇ ಇದ್ದರೆ ಕೆಲಸ ಭದ್ರ ಎಂಬ ಲೆಕ್ಕ. ಆದರೆ ಆ ಜಾಬ್ ಬಂದಾಗಲೆಲ್ಲ ಅವರನ್ನೇ ಕರೆಯುತ್ತಾರೆ, ಹೊಸ ಕೆಲಸ ಬೇರೆಯವರ ಪಾಲಾಗುತ್ತದೆ.

ಪ್ರೋಗ್ರಾಂ

ಕ್ಯಾಮ್ ಸಾಫ್ಟ್‌ವೇರ್ (ಪ್ರೋಗ್ರಾಂ ತಾನೇ ತಯಾರಿಸಿಕೊಡುವುದು) ಕಲಿಯುವ ಆತುರ ಎಲ್ಲರಿಗೂ ಇರುತ್ತದೆ. ಅದಕ್ಕೂ ಮೊದಲು ಒಂದು ಸಾದಾ ಟರ್ನಿಂಗ್ ಜಾಬು, ಒಂದು ನಾಲ್ಕು ತೂತಿನ ಪ್ಲೇಟಿಗೆ ಕೈಯಿಂದಲೇ ಪ್ರೋಗ್ರಾಂ ಬರೆಯಿರಿ. ಕಾರಣವಿದೆ. ಟೂಲ್ ಮಧ್ಯದಲ್ಲಿ ಮುರಿದಾಗ ಪ್ರೋಗ್ರಾಂ ಎಲ್ಲಿಂದ ಮತ್ತೆ ಶುರು ಮಾಡಬೇಕೆಂದು ಸಾಫ್ಟ್‌ವೇರ್ ಹೇಳುವುದಿಲ್ಲ. ಮುರಿದ ಸಾಲಿನಿಂದಲೇ ಶುರು ಮಾಡಿದರೆ ಸ್ಪಿಂಡಲ್ ತಿರುಗುತ್ತಿರಲಿಕ್ಕಿಲ್ಲ, ಜಿ54 (ಜಾಬಿನ ಸೊನ್ನೆ) ಅಥವಾ ಜಿ43ರ ಉದ್ದದ ಆಫ್‌ಸೆಟ್ ಜಾರಿಯಲ್ಲಿ ಇರಲಿಕ್ಕಿಲ್ಲ. ಆ ಟೂಲ್ ಕರೆದ ಸಾಲಿಗೆ ಹಿಂದೆ ಹೋಗುವುದೇ ಕ್ಷೇಮ.

ಲೆಕ್ಕಗಳು ಬಾಯಿಪಾಠ ಇರಲಿ. ಆರ್‌ಪಿಎಂ ಬೇಕೆಂದರೆ ಕಟಿಂಗ್ ವೇಗವನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿ. 50 ಮಿ.ಮೀ. ವ್ಯಾಸ, ನಿಮಿಷಕ್ಕೆ 200 ಮೀಟರ್ ಆದರೆ ಸುಮಾರು 1274. ಟ್ಯಾಪಿಗೆ (ತೂತಿನೊಳಗೆ ಸ್ಕ್ರೂ ಮರೆ ಕೊರೆಯುವುದು) ಮುಂಚಿನ ಡ್ರಿಲ್: ಎಂ6ಕ್ಕೆ 5.0, ಎಂ8ಕ್ಕೆ 6.8, ಎಂ10ಕ್ಕೆ 8.5, ಎಂ12ಕ್ಕೆ 10.2, ಅಂದರೆ ಸುಮಾರಾಗಿ ವ್ಯಾಸದಿಂದ ಪಿಚ್ (ಪಕ್ಕಪಕ್ಕದ ಮರೆಗಳ ನಡುವಿನ ದೂರ) ಕಳೆದಷ್ಟು.

ಲೇತ್ ಪ್ರೋಗ್ರಾಂನಲ್ಲಿ ಜಿ96 (ಕಟಿಂಗ್ ವೇಗವನ್ನು ಒಂದೇ ಸಮ ಇಡುವ ಆಜ್ಞೆ) ಬರೆದರೆ ಜಿ50ರಲ್ಲಿ ಗರಿಷ್ಠ ಆರ್‌ಪಿಎಂ ಮಿತಿ ಹಾಕಲೇಬೇಕು. ಫೇಸಿಂಗ್ (ಜಾಬಿನ ಮುಖ ಕಡೆಯುವುದು) ಮಾಡುತ್ತಾ ಟೂಲ್ ನಡುವಿಗೆ ಹೋದಂತೆ ವ್ಯಾಸ ಸೊನ್ನೆಯತ್ತ ಹೋಗುತ್ತದೆ, ಆರ್‌ಪಿಎಂ ಮಷಿನಿನ ತುದಿ ಮುಟ್ಟುತ್ತದೆ. ವೇಗ ಹೆಚ್ಚಿದಷ್ಟೂ ಜಾಗಳು ಹೊರಕ್ಕೆ ಸೆಳೆಯಲ್ಪಟ್ಟು ಹಿಡಿತ ಕಡಿಮೆಯಾಗುತ್ತದೆ. ಓರೆ ತೂಕದ ಕಾಸ್ಟಿಂಗ್ ಆಗಿದ್ದರೆ ಚಕ್ಕಿನಿಂದ ಹಾರಿ ಬಾಗಿಲು ಒಡೆಯಬಹುದು.

ಮುಂದೆ ಯಾವ ಕವಲು

ಸೆಟ್ಟಿಂಗ್ ಮತ್ತು ಪ್ರೋಗ್ರಾಂ ಎರಡೂ ಕೈವಶವಾದ ಮೇಲೆ ದಾರಿ ಹಲವು. ಟೂಲ್ ರೂಮಿನಲ್ಲಿ ಡೈ, ಮೋಲ್ಡ್, ಫಿಕ್ಸ್ಚರ್ ಮಾಡುವವರಿಗೆ ಒಂದೊಂದೇ ಪೀಸ್, ಗ್ರೈಂಡಿಂಗ್, ವೈರ್ ಕಟ್ (ವಿದ್ಯುತ್ ಹರಿಯುವ ತಂತಿಯಿಂದ ಕತ್ತರಿಸುವುದು). ನಿಧಾನದ ಕೆಲಸ, ಆದರೆ ಕೈಚಳಕ ಬೇಗ ಹಳತಾಗುವುದಿಲ್ಲ. ಸಿಎಂಎಂ (ಮೂರು ದಿಕ್ಕಿನಲ್ಲಿ ಅಳೆಯುವ ಮಷಿನ್) ಮತ್ತು ಇನ್‌ಸ್ಪೆಕ್ಷನ್ ಕಡೆ ಹೋದರೆ ಮೈಗೆ ಶ್ರಮ ಕಡಿಮೆ, ಜಿಯೊಮೆಟ್ರಿಕ್ ಟಾಲರೆನ್ಸ್ ಆಳವಾಗಿ ತಿಳಿದಿರಬೇಕು. ಐದು ಆಕ್ಸಿಸ್ ಪ್ರೋಗ್ರಾಮರ್ ಆಗಲು ಕ್ಯಾಮ್ ಜೊತೆ ಸಿಮ್ಯುಲೇಷನ್ ಬೇಕು. ಟೂಲ್ ಅಥವಾ ಮಷಿನ್ ಮಾರುವ ಕಂಪನಿಗಳ ಅಪ್ಲಿಕೇಷನ್ ಇಂಜಿನಿಯರ್ ಆದರೆ ವಾರಕ್ಕೊಂದು ಶಾಪ್ ನೋಡುತ್ತೀರಿ, ಮಾತು ಬಲ್ಲವರಿಗೆ ಒಳ್ಳೆಯದು, ಮನೆಯಲ್ಲಿ ಇರುವುದು ಕಡಿಮೆ. ಪ್ರೊಸೆಸ್ ಪ್ಲಾನಿಂಗ್‌ನವರು ಜಾಬ್ ಎಷ್ಟು ಸೆಟಪ್‌ನಲ್ಲಿ, ಯಾವ ಮಷಿನ್‌ನಲ್ಲಿ, ಎಷ್ಟು ನಿಮಿಷದಲ್ಲಿ ಎಂದು ತೀರ್ಮಾನಿಸುತ್ತಾರೆ.

ಸೂಪರ್‌ವೈಸರ್ ಹುದ್ದೆ ಬಂದರೆ ಸ್ವಲ್ಪ ಯೋಚಿಸಿ. ಅಲ್ಲಿ ಕೆಲಸ ಹಾಜರಿ, ಜಗಳ, ಡಿಸ್ಪ್ಯಾಚ್. ಎರಡು ವರ್ಷ ಮಷಿನ್ ಮುಟ್ಟದಿದ್ದರೆ ಕೈ ಜಡವಾಗುತ್ತದೆ. ಜನರ ಜೊತೆ ಕೆಲಸ ಮಾಡುವುದು ಇಷ್ಟವಿದ್ದವರು ಮಾತ್ರ ಹೋಗಲಿ.

ಕೆಲಸ ಹುಡುಕುವಾಗ

ಮೊದಲ ಎರಡು ವರ್ಷಕ್ಕೆ ಸಂಬಳಕ್ಕಿಂತ ಒಂದು ಪ್ರಶ್ನೆ ಮುಖ್ಯ: ಇಲ್ಲಿ ವಾರಕ್ಕೆ ಎಷ್ಟು ಸೆಟ್ಟಿಂಗ್ ಬದಲಾಗುತ್ತದೆ? ತಿಂಗಳುಗಟ್ಟಲೆ ಒಂದೇ ಪಾರ್ಟ್ ಓಡುವ ಕಡೆ ಟೂಲ್ ಲೈಫ್, ಸೆಕೆಂಡುಗಳ ಲೆಕ್ಕ, ಮೈಕ್ರಾನ್ ಹಿಡಿದಿಡುವ ಶಿಸ್ತು ಕಲಿಯಬಹುದು, ಸೆಟ್ಟಿಂಗ್ ಕಲಿಯುವುದು ಕಷ್ಟ. ವಾರಕ್ಕೆ ಎರಡು ಮೂರು ಜಾಬ್ ಬದಲಾಗುವ ಸಣ್ಣ ಶಾಪ್‌ನಲ್ಲಿ ಮೊದಲು ಕಲಿತು, ಆಮೇಲೆ ದೊಡ್ಡ ಕಡೆಗೆ ಹೋಗುವುದು ಲೇಸು. ಆಫ್‌ಸೆಟ್ ಯಾರು ಹಾಕುತ್ತಾರೆ, ಆಪರೇಟರ್‌ಗೆ ಪ್ರೋಗ್ರಾಂ ನೋಡಲು ಬಿಡುತ್ತಾರೋ, ಒಬ್ಬರಿಗೆ ಎಷ್ಟು ಮಷಿನ್ ಎಂದೂ ಕೇಳಿ.

ಟ್ರಯಲ್ ಕೊಟ್ಟಾಗ ನೋಡುವವರು ವೇಗ ನೋಡುವುದಿಲ್ಲ. ಮೈಕ್ರೋಮೀಟರ್ ಸೊನ್ನೆ ನೋಡಿದಿರಾ, ಜಾಬ್ ಹಿಡಿಯುವ ಮೊದಲು ಜಾ ಒರೆಸಿದಿರಾ, ಚಕ್ ಕೀ ತೆಗೆದಿಟ್ಟಿರಾ, ಗೊತ್ತಿಲ್ಲದ್ದನ್ನು ಕೇಳಿದಿರಾ ಎಂದು ನೋಡುತ್ತಾರೆ. ಒಂದು ಪುಸ್ತಕ ಇಟ್ಟುಕೊಳ್ಳಿ: ಮಾಡಿದ ಜಾಬಿನ ಬಗೆ, ಮೆಟೀರಿಯಲ್, ಬಿಗಿಯಾದ ಟಾಲರೆನ್ಸ್, ಸೈಕಲ್ ಟೈಮ್ ಎಷ್ಟಿತ್ತು, ಎಷ್ಟಕ್ಕೆ ಇಳಿಸಿದಿರಿ. ಸಂಬಳ ಹೆಚ್ಚಿಸಿ ಎಂದು ಕೇಳುವಾಗ ಇದೇ ಆಧಾರ. ಗ್ರಾಹಕರ ಡ್ರಾಯಿಂಗ್ ಫೋಟೋ ಮಾತ್ರ ಫೋನ್‌ನಲ್ಲಿ ಇಟ್ಟುಕೊಂಡು ತೋರಿಸಬೇಡಿ. ಹಾಗೆ ತೋರಿಸುವವರನ್ನು ಒಳ್ಳೆಯ ಶಾಪ್ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮೂವತ್ತು ವರ್ಷ ತಾಳಬೇಕಾದ ಮೈ

ತಿರುಗುವ ಸ್ಪಿಂಡಲ್ ಹತ್ತಿರ ಗ್ಲೌಸ್ ಬೇಡ, ಉಂಗುರ ಬೇಡ, ಸಡಿಲ ತೋಳು ಬೇಡ. ಗ್ಲೌಸ್ ಬೆರಳನ್ನು ಕಾಯುವುದಿಲ್ಲ, ಕೈಯನ್ನೇ ಒಳಗೆ ಎಳೆಯುತ್ತದೆ. ಮಷಿನ್ ನಿಲ್ಲಿಸಿ, ಕೊಕ್ಕೆಯಿಂದ ಚಿಪ್ಸ್ ತೆಗೆಯಿರಿ. ಲೇತ್‌ನ ಹಿಂಬದಿಯಿಂದ ಉದ್ದ ಬಾರ್ ಆಧಾರವಿಲ್ಲದೆ ಚಾಚಿದ್ದರೆ ವೇಗ ಹೆಚ್ಚಿದಾಗ ಅದು ಬಾಗಿ ಚಾಟಿಯಂತೆ ಬೀಸುತ್ತದೆ. ಇದರಿಂದ ಪ್ರಾಣ ಹೋಗುತ್ತದೆ.

ಕೂಲೆಂಟ್ ಹದ (ನೀರಿನಲ್ಲಿ ಬೆರೆತ ಎಣ್ಣೆಯ ಪ್ರಮಾಣ) ಸಾಮಾನ್ಯವಾಗಿ 6 ರಿಂದ 8 ಪ್ರತಿಶತ. ರಿಫ್ರಾಕ್ಟೋಮೀಟರ್ (ಆ ಹದ ಅಳೆಯುವ ಉಪಕರಣ) ತೋರಿಸಿದ ಸಂಖ್ಯೆಯನ್ನು ಡಬ್ಬದ ಮೇಲಿನ ಗುಣಕದಿಂದ ಗುಣಿಸಬೇಕು, ನೇರ ಓದಬಾರದು. ತೆಳುವಾದರೆ ತುಕ್ಕು ಮತ್ತು ನಾತ, ಗಟ್ಟಿಯಾದರೆ ಚರ್ಮದ ತುರಿಕೆ. ನೀರು ಆವಿಯಾಗುವುದರಿಂದ ಟ್ಯಾಂಕ್ ತಾನಾಗಿ ಗಟ್ಟಿಯಾಗುತ್ತದೆ, ಆದ್ದರಿಂದ ತುಂಬಿಸುವಾಗ ತೆಳು ಮಿಶ್ರಣ ಹಾಕಿ. ಬೆರೆಸುವಾಗ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಏರ್ ಗನ್ ಮೈಮೇಲೆ ಬಿಡಬೇಡಿ. ಪಕ್ಕದವರ ಜೊತೆ ಕೂಗಿ ಮಾತಾಡಬೇಕಾದ ಸದ್ದಿದ್ದರೆ ಕಿವಿಗೆ ಪ್ಲಗ್ ಹಾಕಿ. ಕಳೆದ ಕೇಳಿಸುವಿಕೆ ಮರಳುವುದಿಲ್ಲ.

ಸ್ವಂತ ಮಷಿನ್ ಹಾಕುವವರಿಗೆ

ಬಹಳ ಜನ ಇಲ್ಲಿ ಲೆಕ್ಕ ತಪ್ಪುತ್ತಾರೆ. ಸೈಕಲ್ ಟೈಮ್ 6 ನಿಮಿಷ, ಶಿಫ್ಟ್ 480 ನಿಮಿಷ, ಆದ್ದರಿಂದ 80 ಪೀಸ್ ಎಂದು ದರ ಹೇಳಿಬಿಡುತ್ತಾರೆ. ಸೆಟ್ಟಿಂಗ್‌ಗೆ 90, ಊಟ-ವಿರಾಮಕ್ಕೆ 40, ಇನ್ಸರ್ಟ್ ಬದಲಿಸಿ ಅಳೆಯಲು 30 ನಿಮಿಷ ಕಳೆಯಿರಿ, 320 ಉಳಿಯುತ್ತದೆ. ಹಾಕಿ ತೆಗೆಯಲು ಪೀಸಿಗೆ ಒಂದೂವರೆ ನಿಮಿಷ ಸೇರಿಸಿದರೆ 7.5. ಕೈಗೆ ಬರುವುದು 42 ಪೀಸ್. ಕಂತು, ಬಾಡಿಗೆ, ವಿದ್ಯುತ್, ಸಂಬಳ, ಟೂಲಿಂಗ್ ಎಲ್ಲವನ್ನೂ ಶಿಫ್ಟಿನ ಗಂಟೆಯಿಂದಲ್ಲ, ನಿಜಕ್ಕೂ ಜಾಬ್ ಓಡಿದ ಗಂಟೆಯಿಂದ ಭಾಗಿಸಿ.

ಹಳೆಯ ಮಷಿನ್ ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಸ್ಪಿಂಡಲ್‌ನ ಒಳಗೆ ಡಯಲ್ ಇಟ್ಟು ಕೈಯಿಂದ ತಿರುಗಿಸಿ ಓಲಾಟ ನೋಡಿ. ಆಕ್ಸಿಸ್‌ಗೆ ಡಯಲ್ ತಾಗಿಸಿ ಹ್ಯಾಂಡ್‌ವೀಲ್‌ನಲ್ಲಿ 0.01 ಹೆಜ್ಜೆ ಮುಂದೆ ಓಡಿಸಿ, ಆಮೇಲೆ ಹಿಂದೆ ತಿರುಗಿಸಿ. ಮುಳ್ಳು ಅಲುಗುವ ಮೊದಲು ಎಷ್ಟು ಹೆಜ್ಜೆ ವ್ಯರ್ಥವಾಯಿತೋ ಅಷ್ಟು ಬ್ಯಾಕ್‌ಲ್ಯಾಶ್. ಲೇತ್ ಆದರೆ 150 ಮಿ.ಮೀ. ಚಾಚಿದ ದಪ್ಪ ಬಾರನ್ನು ಟೇಲ್‌ಸ್ಟಾಕ್ (ಬಾರಿನ ಇನ್ನೊಂದು ತುದಿಗೆ ಕೊಡುವ ಆಧಾರ) ಇಲ್ಲದೆ ತೆಳು ಕಟ್ ತೆಗೆದು ಎರಡೂ ತುದಿ ಅಳೆಯಿರಿ, ಟೇಪರ್ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಈ ಮೂರನ್ನೂ ಮಷಿನ್ ಒಂದು ಗಂಟೆ ಓಡಿ ಬೆಚ್ಚಗಾದ ಮೇಲೆ ಇನ್ನೊಮ್ಮೆ ಮಾಡಿ.

ಗ್ರಾಹಕರು ಮೆಟೀರಿಯಲ್ ಕೊಟ್ಟು ಮಷಿನಿಂಗ್ ಮಾತ್ರ ಮಾಡಿಸುವಾಗ, ಪೀಸ್ ಹಾಳಾದರೆ ಮೆಟೀರಿಯಲ್ ಬೆಲೆ ಯಾರ ತಲೆಗೆ, ನೂರಕ್ಕೆ ಎಷ್ಟು ಪೀಸ್ ಸೆಟ್ಟಿಂಗ್‌ನಲ್ಲಿ ಹೋಗಬಹುದು, ಕಾಸ್ಟಿಂಗ್ ಒಳಗೆ ಗುಳ್ಳೆ ಸಿಕ್ಕರೆ ಅಲ್ಲಿಯವರೆಗಿನ ಮಷಿನಿಂಗ್ ಕೂಲಿ ಸಿಗುತ್ತದೋ ಎಂಬ ಮೂರನ್ನೂ ಮೊದಲ ಆರ್ಡರಿನ ಕಾಗದದಲ್ಲೇ ಬರೆಸಿಕೊಳ್ಳಿ.